ಸೆರಗು ಸರಿಸಿದ ತೋಳು

ಮೊದಲು ಮೂಗಿಗೆ ಅಡರುವುದು ಅಗಸೆ ಎಣ್ಣೆಯ ವಾಸನೆ. ಅದರ ಬೆನ್ನಿಗೇ ಟರ್ಪೆಂಟೈನಿನ ಘಾಟು. ಸಾಂಬ್ರಾಣಿ ಹೊಗೆ, ಮುಡಿದ ಮಲ್ಲಿಗೆ, ಹೊಸ ಮರದ ತೊಲೆಗಳ ಕಂಪು ತುಂಬಿದ ಅರಮನೆಯ ಒಳಮನೆಗೆ ಈ ಘಾಟು ಹೊಸದು. 1805ನೇ ಇಸವಿ, ಮೈಸೂರು. ನೀವು ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದೀರಿ. ಈ ಕಂಬ, ಆ ಕಿಟಕಿ, ಅದರಿಂದ ಬೀಳುವ ಬೆಳಕು ನಾನು ನಿಮಗಾಗಿ ಕಟ್ಟಿಕೊಟ್ಟಿದ್ದು. ಎದುರಿಗಿರುವ ಚಿತ್ರ, ಅದನ್ನು ಬರೆದ ಕೈ, ಅದರ ಹಿಂದಿನ ಭಯ ಮಾತ್ರ ನಿಜ.

ಬರೆಯುತ್ತಿರುವವನು ಥಾಮಸ್ ಹಿಕಿ. ಐರ್ಲೆಂಡಿನ ಡಬ್ಲಿನ್ನಿನಲ್ಲಿ 1741ರಲ್ಲಿ ಹುಟ್ಟಿದವನು, ಈಗ ಅರವತ್ತು ದಾಟಿದ ಮುದುಕ. ಮೆಕಾರ್ಟ್ನಿಯ ರಾಯಭಾರದ ಜೊತೆ ಚೀನಾ ನೋಡಿ ಬಂದಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ಇಂಗ್ಲಿಷ್ ಅಧಿಕಾರಿಗಳ ಮುಖಗಳನ್ನೂ ತಂದೆಯನ್ನು ಕಳೆದುಕೊಂಡ ಟಿಪ್ಪುವಿನ ಮಕ್ಕಳ ಮುಖಗಳನ್ನೂ ಬರೆದಿದ್ದಾನೆ. ದಿವಾನ್ ಪೂರ್ಣಯ್ಯನವರ ಚಿತ್ರವನ್ನೂ ಬರೆದವನು ಇವನೇ. ಕುಂಚ ಕ್ಯಾನ್ವಾಸಿಗೆ ಉಜ್ಜುವ ಸಣ್ಣ ಸದ್ದು ಕೇಳುತ್ತದೆ. ಒಮ್ಮೆ ತಲೆ ಎತ್ತಿ ನೋಡುತ್ತಾನೆ, ತಗ್ಗಿಸಿ ಬಳಿಯುತ್ತಾನೆ, ಮತ್ತೆ ನೋಡುತ್ತಾನೆ. ಆ ನೋಟ ಇಲ್ಲಿ ಯಾರಿಗೂ ರೂಢಿಯಲ್ಲ. ರಾಜಮನೆತನದ ಹೆಂಗಸರನ್ನು ಹೊರಗಿನ ಗಂಡಸು, ಅದರಲ್ಲೂ ಪರದೇಶಿ, ಹೀಗೆ ಗಂಟೆಗಟ್ಟಲೆ ದಿಟ್ಟಿಸುವುದೆಂದರೆ ಬಾಗಿಲಲ್ಲಿ ನಿಂತ ನಿಮ್ಮ ಮೈಯೂ ಬಿಸಿಯಾಗುತ್ತದೆ.

ಅವನೆದುರು ಮೂವರು. ರೇಷ್ಮೆ ಸೀರೆ, ತೋಳಿನ ಮೇಲೆ ದಪ್ಪ ಚಿನ್ನದ ಕೆಲಸ, ತಲೆಯ ಮೇಲೆ ಒಡೆಯರ ಮನೆತನದ ರಾಣಿಯರಿಗೆ ತಕ್ಕ ಆಭರಣ. ಅಷ್ಟು ಚಿನ್ನ ಹೊತ್ತು ಅಲ್ಲಾಡದೆ ನಿಲ್ಲುವುದು ಸುಲಭವಲ್ಲ. ಕತ್ತು ಸೆಳೆಯುತ್ತದೆ, ಕಿವಿಯ ಹಾಲೆ ಜಗ್ಗುತ್ತದೆ, ರವಿಕೆಯೊಳಗೆ ಬೆವರು ಸಣ್ಣಗೆ ಇಳಿಯುತ್ತದೆ, ಒರೆಸಿಕೊಳ್ಳುವಂತಿಲ್ಲ.

ಬಲಗಡೆ ನಿಂತ ಹುಡುಗಿಯನ್ನು ನೋಡಿ. ಹನ್ನೆರಡರ ಆಸುಪಾಸು. ಹೆಸರು ದೇವಾಜಮ್ಮಣ್ಣಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದು ಈ ಮನೆಗೆ ಬಂದವಳು. ರಾಜನೂ ಆಟದ ವಯಸ್ಸಿನ ಹುಡುಗನೇ, 1794ರಲ್ಲಿ ಹುಟ್ಟಿದವನು. ಅವಳ ಸೀರೆಯ ಸೆರಗು ಎಡತೋಳನ್ನು ಮುಚ್ಚಬೇಕಿತ್ತು. ಮುಚ್ಚಿಲ್ಲ. ಬೇಕೆಂದೇ ಸರಿಸಿದ್ದಾರೆ. ಬಲಗೈ ಬೆರಳು ಆ ಬರಿ ತೋಳನ್ನು ತೋರಿಸುತ್ತಿದೆ.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ಇಡೀ ಚಿತ್ರದ ಭಾರ ನಿಂತಿರುವುದು ಈ ಒಂದು ಸನ್ನೆಯ ಮೇಲೆ. ಹೆಸರಾಂತ ಕಲಾವಿದರು ಬರೆದ ರಾಣಿಯರ ಚಿತ್ರಗಳಲ್ಲಿ ಕೈಗಳಿಗೆ ಏನು ಕೆಲಸವಿರುತ್ತದೆ? ಹೂವು ಹಿಡಿಯುವುದು, ಬೀಸಣಿಗೆ ಹಿಡಿಯುವುದು, ಮಡಿಲಲ್ಲಿ ಸುಮ್ಮನೆ ಬಿದ್ದಿರುವುದು. ಇಲ್ಲಿ ಕೈ ಏನನ್ನೋ ಹೇಳುತ್ತಿದೆ. ಮುಖ ಮಾತಾಡದೆ ಕೈ ಮಾತಾಡುವ ಗುಂಪುಚಿತ್ರ ಎದುರಾದಾಗ ಒಡವೆ, ಬಣ್ಣ, ಸೀರೆಯ ಮಡಿಕೆಗಳನ್ನೆಲ್ಲ ಬದಿಗಿಟ್ಟು ಬೆರಳ ತುದಿಯನ್ನೇ ಹಿಂಬಾಲಿಸಬೇಕು. ಅದು ನಿಲ್ಲುವುದು ಮೇಲ್ದೋಳಿನ ಮೇಲೆ, ದಾಕು ಹಾಕುವ ಜಾಗದಲ್ಲಿ.

ದಾಕು, ಎಂದರೆ ಸಿಡುಬಿನ ಲಸಿಕೆ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಬೆಳೆದವರಿಗೆ ಈ ಮಾತು ಹೊಸದಲ್ಲ. ನಿಮ್ಮ ಅಜ್ಜಿಯ ತೋಳು ನೆನಪು ಮಾಡಿಕೊಳ್ಳಿ, ಅಥವಾ ನಿಮ್ಮದೇ ತೋಳು. ಹಳೆಯ ಕಾಸಿನಗಲ, ಸುಕ್ಕುಗಟ್ಟಿದ ಗುಂಡನೆಯ ಕಲೆ. ಈ ದೇಶದಿಂದ ಸಿಡುಬು 1975ರಲ್ಲಿ ಹೊರಟುಹೋಯಿತು, 1980ರಲ್ಲಿ ಇಡೀ ಲೋಕದಿಂದಲೇ ಹೋಯಿತೆಂದು ಸಾರಿದರು. ಅದಕ್ಕಿಂತ ಮುಂಚೆ ಹುಟ್ಟಿದವರ ತೋಳಿನಲ್ಲಿ ಆ ಕಲೆ ಇನ್ನೂ ಉಳಿದಿದೆ. ಈ ಹುಡುಗಿಯ ಬೆರಳು ತೋರಿಸುತ್ತಿರುವುದು ಅದರ ಮೊದಮೊದಲ ಪೀಳಿಗೆಯನ್ನು.

ಆದರೆ 1805ರಲ್ಲಿ ಅದು ಎಂಥ ಧೈರ್ಯ ಬೇಡುತ್ತಿತ್ತು ಎಂಬುದು ತಿಳಿಯಬೇಕಾದರೆ ಚಿತ್ರದಿಂದ ಕಣ್ಣು ತೆಗೆದು ಒಂದು ಮನೆಯೊಳಗೆ ಹೋಗಬೇಕು. ಊರು ತುಮಕೂರೆಂದೇ ಇಟ್ಟುಕೊಳ್ಳಿ. ಹೊಸ್ತಿಲ ಮೇಲೆ ಬೇವಿನ ಸೊಪ್ಪು ಸಿಕ್ಕಿಸಿದ್ದಾರೆ. ಮನೆಗೆ ಅಮ್ಮ ಬಂದಿದ್ದಾಳೆ. ಒಲೆ ಉರಿಯುತ್ತಿದೆ, ಒಗ್ಗರಣೆಯ ವಾಸನೆ ಇಲ್ಲ. ಅಮ್ಮ ಇರುವಷ್ಟು ದಿನ ಒಗ್ಗರಣೆ ಚಟಪಟಿಸಕೂಡದು. ಒಳಗೆ ಬೇವಿನ ಎಲೆ ಹಾಸಿದ ಚಾಪೆಯ ಮೇಲೆ ಮಗು. ಜ್ವರ ಇಳಿದಿದೆ ಎಂದುಕೊಳ್ಳುವಷ್ಟರಲ್ಲಿ ಗುಳ್ಳೆ ಎದ್ದಿವೆ. ಮುಖದ ಮೇಲೆ, ಅಂಗೈಯಲ್ಲಿ, ಅಂಗಾಲಿನಲ್ಲಿ, ನಾಲಗೆಯ ಮೇಲೂ. ಕೀವು ತುಂಬಿದ ಗುಳ್ಳೆಗಳ ಆ ನಾತ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ನೀರು ಕೇಳುತ್ತದೆ, ನುಂಗಲಾಗುವುದಿಲ್ಲ. ಬೈಯಬಾರದು, ಅಳಬಾರದು, ಬಂದವಳು ದೇವತೆ. ಬೇವು ಅರಿಶಿನದ ನೀರು ಹಾಕುವ ದಿನದವರೆಗೆ ತಾಯಿ ಲೆಕ್ಕ ಹಾಕುತ್ತಾ ಕೂರುತ್ತಾಳೆ. ಹೀಗೆ ಮಲಗಿದ ಹತ್ತು ಜನರಲ್ಲಿ ಮೂವರು ಏಳುವುದಿಲ್ಲ. ಎದ್ದವರಲ್ಲೂ ಕೆಲವರಿಗೆ ಕಣ್ಣಿರುವುದಿಲ್ಲ.

ಈ ಭಯ ಅರಮನೆಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ. ಅಲ್ಲಿಗೆ ಅದರ ಮದ್ದೂ ಬಂದಿದೆ. ಇಂಗ್ಲಿಷ್ ವೈದ್ಯ ಜೆನ್ನರ್ 1796ರಲ್ಲಿ ಕಂಡುಕೊಂಡದ್ದು, ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯುವ ಉಪಾಯ. ಅದನ್ನು ಶೀಷೆಯಲ್ಲಿ ತುಂಬಿ ಕಳಿಸುವಂತಿಲ್ಲ, ದಾರಿಯ ಬಿಸಿಲಿಗೆ ಕೆಡುತ್ತದೆ. ಹಾಗಾಗಿ ಅದು ಪ್ರಯಾಣ ಮಾಡಿದ್ದು ಮಕ್ಕಳ ತೋಳಿನ ಮೇಲೆ. ಒಂದು ಮಗುವಿಗೆ ಹಾಕಿ, ಎಂಟನೇ ದಿನ ಎದ್ದ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು. ಬಾಗ್ದಾದು, ಬಸ್ರಾ, ಅಲ್ಲಿಂದ ಹಡಗಿನಲ್ಲಿ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ತ್‌ಹಾಲ್ ಎಂಬ ಮೂರು ವರ್ಷದ ಕೂಸಿನ ತೋಳಿನಲ್ಲಿ ಅದು ಹಿಡಿದುಕೊಂಡಿತು. ಅಲ್ಲಿಂದ ತೋಳಿನಿಂದ ತೋಳಿಗೆ ತಲಶೇರಿ, ಮದರಾಸು, ಕೊನೆಗೆ ಮೈಸೂರಿನ ಅರಮನೆ.

ಈಗ ಆ ಗಳಿಗೆಯಲ್ಲಿ ನೀವೇ ಹುಡುಗಿಯ ಜಾಗದಲ್ಲಿ ಕೂತುಕೊಳ್ಳಿ. ಸೆರಗು ಸರಿಸಿದ್ದಾರೆ. ತೋಳಿಗೆ ಗಾಳಿ ತಣ್ಣಗೆ ತಾಗುತ್ತಿದೆ. ಎದುರಿಗೆ ಯಾರದೋ ಮಗು, ಅದರ ತೋಳಿನ ಮೇಲೆ ಹೊಳೆಯುವ ಗುಳ್ಳೆ. ಆ ಮಗು ಯಾರದು, ಯಾವ ಜಾತಿಯದು ಎಂದು ಎಲ್ಲರ ಕಣ್ಣಲ್ಲೂ ಪ್ರಶ್ನೆ ಇದೆ, ಯಾರೂ ಬಾಯಿ ಬಿಡುವುದಿಲ್ಲ. ಚೂರಿಯ ಮೊನೆ ಗುಳ್ಳೆಗೆ ತಾಗುತ್ತದೆ. ಮಗು ಚೀರುತ್ತದೆ. ಮೊನೆ ಈ ಕಡೆ ತಿರುಗುತ್ತದೆ. ಅಮ್ಮ ಮುನಿದರೆ? ಈ ರಸವೇ ರೋಗ ತಂದರೆ? ಗಂಡನಿಗೂ ತಗುಲಿದರೆ? ಅವನೊಬ್ಬನೇ ಈ ಮನೆತನದ ಕುಡಿ. ಚರ್ಮ ಗೀರುತ್ತದೆ. ಉರಿ. ಒಂದು ಹನಿ ರಕ್ತ. ಮುಗಿಯಿತು.

ಮುಗಿದಿಲ್ಲ. ಎಂಟು ದಿನ ಕಾಯಬೇಕು. ಮೂರನೇ ದಿನಕ್ಕೆ ಕೆಂಪು, ಐದನೆಯ ದಿನಕ್ಕೆ ನೀರು, ಎಂಟರ ಹೊತ್ತಿಗೆ ತೋಳು ಬಾತು ಕಂಕುಳಲ್ಲಿ ಗಂಟು. ತುರಿಕೆ. ಕೆರೆಯಬಾರದು. ರಾತ್ರಿ ಮೈ ಬೆಚ್ಚಗಾದರೆ ಇಡೀ ಒಳಮನೆ ಎದ್ದು ಕೂರುತ್ತದೆ. ಆಮೇಲೆ ಹೊಪ್ಪಳೆ ಕಟ್ಟಿ, ಒಣಗಿ, ಉದುರಿ, ಕಲೆ ಉಳಿಯುತ್ತದೆ. ಹುಡುಗಿ ಬದುಕಿದ್ದಾಳೆ. ಅವಳ ಮುಖದ ಮೇಲೆ ಒಂದು ಚುಕ್ಕೆಯೂ ಇಲ್ಲ.

ಬನ್ನಿ, ಹಿಕಿಯ ಬೆನ್ನ ಹಿಂದೆ ಮತ್ತೆ ನಿಲ್ಲೋಣ. ಈಗ ನಡುವೆ ನಿಂತವರನ್ನು ನೋಡಿ. ಮಹಾರಾಣಿ ಲಕ್ಷ್ಮಮ್ಮಣ್ಣಿ, ಹುಡುಗರಾಜನಿಗೆ ಅಜ್ಜಿಯ ಸ್ಥಾನದಲ್ಲಿರುವವರು. ಹೈದರನ ಕಾಲದಲ್ಲೂ ಟಿಪ್ಪುವಿನ ಕಾಲದಲ್ಲೂ ಶ್ರೀರಂಗಪಟ್ಟಣದ ಗೋಡೆಗಳ ನಡುವೆ ಉಸಿರು ಹಿಡಿದು ಬಾಳಿದವರು, ಗುಟ್ಟಾಗಿ ಇಂಗ್ಲಿಷರಿಗೆ ದೂತರನ್ನು ಕಳಿಸಿ ದಶಕಗಳ ಕಾಲ ಕಾದವರು. 1799ರ ಜೂನ್ 30ರಂದು ಮನೆತನಕ್ಕೆ ಪಟ್ಟ ಮರಳಿ ಬಂದಾಗ ರಾಜನಿಗೆ ಇನ್ನೂ ಐದು ತುಂಬಿರಲಿಲ್ಲ. ಒಂದೇ ಒಂದು ಎಳೆ ಜೀವದ ಮೇಲೆ ಇಡೀ ರಾಜ್ಯ ನಿಂತಿದೆ, ಆ ಜೀವವನ್ನು ಸಿಡುಬು ಯಾವತ್ತು ಬೇಕಾದರೂ ಒಯ್ಯಬಹುದು. ಅವರ ಪತಿ ಇಮ್ಮಡಿ ಕೃಷ್ಣರಾಜರನ್ನು ಒಯ್ದದ್ದೂ ಸಿಡುಬೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಹೇಳುತ್ತಾರೆ. ಅವರು ನಡುವೆ ನಿಂತಿರುವುದು ವಯಸ್ಸಿನ ಮರ್ಯಾದೆಗಷ್ಟೇ ಅಲ್ಲ. ಈ ಇಬ್ಬರು ಹುಡುಗಿಯರು ಪರಪುರುಷನ ಎದುರು ನಿಂತದ್ದಕ್ಕೆ, ತೋಳು ತೋರಿಸಿದ್ದಕ್ಕೆ, ತಾನು ಹೊಣೆ ಎಂದು ಅವರ ನಿಲುವು ಹೇಳುತ್ತದೆ. ನನ್ನ ಮಟ್ಟಿಗೆ ಈ ಚಿತ್ರದ ಸಂಯೋಜನೆ ಅರ್ಧ ಹಿಕಿಯದು, ಅರ್ಧ ಈ ಅಜ್ಜಿಯದು. ಸೆರಗನ್ನು ಎಷ್ಟು ಸರಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಡಬ್ಲಿನ್ನಿನ ಚಿತ್ರಕಾರ ತೀರ್ಮಾನಿಸಲಾರ.

ಇನ್ನು ಚಿತ್ರದಲ್ಲಿ ಇಲ್ಲದವರನ್ನು ಎಣಿಸಿ. ರಾಜನಿಲ್ಲ. ಪೂರ್ಣಯ್ಯನವರಿಲ್ಲ. ಇಂಗ್ಲಿಷರ ಪ್ರತಿನಿಧಿ ಮಾರ್ಕ್ ವಿಲ್ಕ್ಸ್ ಇಲ್ಲ. ವೈದ್ಯನಿಲ್ಲ, ಚೂರಿಯಿಲ್ಲ, ಹಸುವೂ ಇಲ್ಲ. ಹದಿಮೂರು ವರ್ಷ ಹಿಂದಿನ ಘಟನೆಯೊಂದನ್ನು ತೋರಿಸುವ ಇನ್ನೊಂದು ಮೈಸೂರಿನ ಚಿತ್ರ ಪಕ್ಕಕ್ಕಿಟ್ಟು ನೋಡಿ. 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆದದ್ದನ್ನು ರಾಬರ್ಟ್ ಹೋಮ್ ಬರೆದಿದ್ದಾನೆ. ಅದರ ತುಂಬ ಜನ, ಸಮವಸ್ತ್ರ. ಚಿತ್ರಕಾರ ತನ್ನನ್ನೂ ಒಂದು ಮೂಲೆಗೆ ಸೇರಿಸಿಕೊಂಡಿದ್ದಾನೆ. ಅಲ್ಲಿ ಮಕ್ಕಳು ಕೈಯಿಂದ ಕೈಗೆ ದಾಟುವ ವಸ್ತು. ಇಲ್ಲಿ ಹನ್ನೆರಡರ ಹುಡುಗಿ ತನ್ನ ಕೈಯನ್ನು ತಾನೇ ಆಡಿಸುತ್ತಿದ್ದಾಳೆ. ಆಜ್ಞೆ ಮಾಡುವ ಗಂಡಸರನ್ನೆಲ್ಲ ಹೊರಗಿಟ್ಟಿದ್ದರಿಂದಲೇ ಮಾತು ಹೆಂಗಸರಿಂದ ಹೆಂಗಸರಿಗೆ ಹೋಗುತ್ತದೆ. ಮಗುವಿನ ತೋಳು ಹಿಡಿದು ಕೊಡಬೇಕಾದವಳು ತಾಯಿ ತಾನೇ?

ನಮ್ಮ ಕಡೆಯ ಚಿತ್ರಕಾರ ಇದನ್ನೇ ಬರೆದಿದ್ದರೆ ಹೇಗಿರುತ್ತಿತ್ತು? ತುಮಕೂರಿನಿಂದ ಸಿರಾ ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿ ಗುಡಿಗೆ ಹೋಗಿ ತಲೆ ಎತ್ತಿ ನೋಡಿ. ಟಿಪ್ಪುವಿನ ಕಚೇರಿಯಲ್ಲಿದ್ದ ಕೃಷ್ಣಪ್ಪನವರ ಮಕ್ಕಳು, ನಲ್ಲಪ್ಪ ಮತ್ತು ಸೋದರರು ಕಟ್ಟಿಸಿದ ಗುಡಿ. ಹೆಚ್ಚುಕಡಿಮೆ ಇದೇ ಕಾಲದ ಬಣ್ಣ. ಅಲ್ಲೂ ದರ್ಬಾರಿದೆ, ಸಾಲುಗಟ್ಟಿ ನಿಂತ ಜನರಿದ್ದಾರೆ. ನೆರಳಿನ ಹಂಗಿಲ್ಲ, ಹರಿತವಾದ ಗೆರೆ, ತುಂಬು ಬಣ್ಣ, ಯಾರು ಯಾರ ಮುಂದೆ ಹೇಗೆ ನಿಲ್ಲಬೇಕೆಂಬುದಕ್ಕೆ ಲೆಕ್ಕವಿದೆ. ನನಗೆ ಆ ಗೆರೆಯ ಮೇಲೆ ಬಲು ಪ್ರೀತಿ. ಆದರೆ ಆ ಶೈಲಿಯಲ್ಲಿ ರಾಣಿ ಎಂದರೆ ರಾಣಿಯ ಪದವಿ. ಈ ಚರ್ಮ ಇಂಥವಳದ್ದು, ಈ ಚರ್ಮಕ್ಕೆ ಹೀಗಾಗಿದೆ ಎಂದು ಅದು ಹೇಳಹೊರಡುವುದಿಲ್ಲ. ತೈಲವರ್ಣಕ್ಕೆ ಆ ಶಕ್ತಿಯಿದೆ. ಒಂದರ ಮೇಲೊಂದು ತೆಳುವಾಗಿ ಬಳಿದ ಪದರಗಳಿಂದ ಅದು ಚರ್ಮದ ಕೆಳಗಿನ ಕಾವನ್ನೂ ತರುತ್ತದೆ. ಸಾಕ್ಷಿ ನುಡಿಯಬೇಕಾದ ಚಿತ್ರಕ್ಕೆ ಅಜ್ಜಿ ತಕ್ಕ ಮಾಧ್ಯಮವನ್ನೇ ಒಪ್ಪಿದ್ದಾರೆ.

ಈ ಚಿತ್ರವನ್ನು ಗುಬ್ಬಿಯ ಹೆಂಗಸು ನೋಡಲಿಲ್ಲ, ಕುಣಿಗಲ್ಲಿನವಳೂ ನೋಡಲಿಲ್ಲ. ಅದು ಅವರಿಗೆ ತಲುಪುವ ದಾರಿಯೇ ಇರಲಿಲ್ಲ. ಅವರಿಗೆ ತಲುಪಿದ್ದು ಸುದ್ದಿ. ವ್ಯಾಪಾರಕ್ಕೆ ಹೆಸರಾದ ಗುಬ್ಬಿಯ ಸಂತೆಯಲ್ಲಿ ಅಡಿಕೆ ಮೂಟೆಗಳ ನಡುವೆ ನಿಂತು ಕೇಳಿಸಿಕೊಳ್ಳಿ. ಮೈಸೂರಲ್ಲಿ ಮಾರಾಣಿಯೋರೇ ಹಾಕಿಸ್ಕೊಂಡ್ರಂತೆ. ಏನೂ ಆಗ್ಲಿಲ್ವಂತೆ. ಹೌದೇನೇ? ಹೂಂ ಕಣಕ್ಕ, ನಮ್ ಯಜಮಾನ್ರು ಕೇಳ್ಕೊಂಡ್ ಬಂದವ್ರೆ. ಹಿಂಗೇ ನಡೆದಿರಬೇಕು. ರಾಣಿ ಹಾಕಿಸಿಕೊಂಡದ್ದರಿಂದ ಜನರ ಮನಸ್ಸು ತಿರುಗಿ ದಾಕಿಗೆ ಮುಂದೆ ಬಂದರೆಂದು 1806ರ ಜುಲೈ ತಿಂಗಳ ದಾಖಲೆ ಇದೆ. ಕುಣಿಗಲ್ಲಿನ ಒಬ್ಬ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ದಾಕಿನವನ ಮುಂದೆ ನಿಂತಾಗ ಅವಳ ಎದೆ ಹೊಡೆದುಕೊಳ್ಳುವುದು ಅರಮನೆಯ ಹುಡುಗಿಯ ಎದೆ ಹೊಡೆದುಕೊಂಡಷ್ಟೇ ಜೋರಾಗಿ. ಕೊಡಲೋ ಬೇಡವೋ? ಕೊಟ್ಟು ಮಗು ಸತ್ತರೆ ಕೊಂದವಳು ತಾನು. ಕೊಡದೆ ಸತ್ತರೆ ಒಯ್ದವಳು ಅಮ್ಮ. ಈ ಲೆಕ್ಕದಲ್ಲಿ ಕೊಡದಿರುವುದೇ ಹಗುರ. ತಕ್ಕಡಿ ಆಚೆ ಕಡೆ ವಾಲಬೇಕಾದರೆ ಇನ್ನೊಂದು ತಟ್ಟೆಯಲ್ಲಿ ಭಾರವಾದದ್ದೇನಾದರೂ ಬೇಕು. ರಾಣಿಯ ತೋಳು ಅಷ್ಟು ಭಾರವಿತ್ತು.

ಆಮೇಲೆ ಚಿತ್ರಕ್ಕೆ ಬಂದ ಗತಿ ನೆನೆದರೆ ಹೊಟ್ಟೆ ಉರಿಯುತ್ತದೆ. ಮೂವರ ಹೆಸರೂ ಅಳಿಸಿಹೋದವು. ಕುಣಿಯುವ ಹೆಂಗಸರೋ ವೇಶ್ಯೆಯರೋ ಇರಬೇಕೆಂದು ಬಹುಕಾಲ ನೋಡಿದವರು ಊಹಿಸಿದರು. ಬರಿ ತೋಳು ಕಂಡ ಕಣ್ಣಿಗೆ ಬೇರೇನೂ ಹೊಳೆಯಲಿಲ್ಲ. 2001ರಲ್ಲಿ ಚಾನ್ಸೆಲರ್ ಒಡವೆಗಳನ್ನು, ಅರಮನೆಯ ಮದುವೆಯ ಕಾಲವನ್ನು, ಒಂದೇ ಹೆಸರಿನ ಇಬ್ಬರು ರಾಣಿಯರಿದ್ದ ದಾಖಲೆಯನ್ನು ಎದುರುಬದುರು ಇಟ್ಟು ಇವರು ಮೈಸೂರಿನ ರಾಣಿಯರೆಂದೂ ಚಿತ್ರ ದಾಕಿನ ಪರವಾಗಿ ಬರೆಸಿದ್ದೆಂದೂ ವಾದಿಸಿದರು. 2007ರಲ್ಲಿ ಸದಬೀಸ್ ಹರಾಜಿಗೆ ಬಂದಾಗ ಮತ್ತೆ ಮಾತಾಯಿತು. ಅದು ವಾದ, ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಆದರೂ ನಾನು ಅದನ್ನು ನಂಬುತ್ತೇನೆ. ಆ ಬೆರಳಿಗೆ ಬೇರೆ ಯಾವ ಅರ್ಥವೂ ಹೊಂದುವುದಿಲ್ಲ, ಎಡಗಡೆಯ ರಾಣಿಯ ಮುಖಕ್ಕೂ ಹೊಂದುವುದಿಲ್ಲ.

ಎಡಗಡೆಯವರನ್ನು ಇಷ್ಟು ಹೊತ್ತೂ ನೋಡಿರಲಿಲ್ಲ, ಅಲ್ಲವೇ? ಬಲಗಡೆಯ ಬೆರಳು ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿತ್ತು. ಇವರೂ ದೇವಾಜಮ್ಮಣ್ಣಿಯೇ, ರಾಜನ ಮೊದಲ ರಾಣಿ. ಹತ್ತಿರ ಬನ್ನಿ, ಇನ್ನೂ ಹತ್ತಿರ. ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಚಾನ್ಸೆಲರ್ ಓದುವ ಪ್ರಕಾರ ಇದು ಹಳೆಯ ಪದ್ಧತಿಯ ಗುರುತು. ಸಿಡುಬಿನಿಂದ ಎದ್ದವರ ಹೊಪ್ಪಳೆಯನ್ನು ಒಣಗಿಸಿ, ಪುಡಿಮಾಡಿ, ಮೂಗಿನೊಳಗೆ ಊದುತ್ತಿದ್ದರು. ಕಣ್ಣು ಮುಚ್ಚಿ ಅದನ್ನು ಊಹಿಸಿಕೊಳ್ಳಿ. ಸತ್ತ ಚರ್ಮದ ಧೂಳು ಮೂಗಿನಲ್ಲಿ, ಗಂಟಲಲ್ಲಿ. ಸೀನುವಂತಿಲ್ಲ. ಬರುವುದು ಹಸುವಿನ ಸಿಡುಬಲ್ಲ, ಮನುಷ್ಯರದ್ದೇ, ಹಗುರವಾಗಿ ಬರಲಿ ಎಂದು ಬೇಡಿಕೊಂಡು ಬರಮಾಡಿಕೊಂಡದ್ದು. ನೂರರಲ್ಲಿ ಒಬ್ಬರೋ ಇಬ್ಬರೋ ಅದರಿಂದಲೇ ಸಾಯುತ್ತಿದ್ದರು. ಉಳಿದವರಿಂದಲೂ ಪಕ್ಕದವರಿಗೆ ಹರಡುತ್ತಿತ್ತು. ಇವರು ಉಳಿದರು, ಮುಖದ ಮೇಲೆ ಗುರುತಿನೊಂದಿಗೆ.

ಈಗ ಚಿತ್ರವನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಹಳೆಯ ಮದ್ದು ಮುಖದ ಮೇಲೆ ಕೂತಿದೆ. ನಡುವೆ ಹೊಸ ಮದ್ದು ಇನ್ನೂ ಬಾರದ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು. ಬಲಕ್ಕೆ ಹೊಸ ಮದ್ದು, ಸೆರಗಿನ ಕೆಳಗೆ ಅಡಗಿಬಿಡುವಷ್ಟು ಸಣ್ಣ ಕಲೆ, ತುಂಬು ಮುಖಕ್ಕೆ ಧಕ್ಕೆಯಿಲ್ಲ. ಬಲಗಡೆಯವಳು ಒಬ್ಬಳೇ ನಿಂತಿದ್ದರೆ ಚಿತ್ರಕ್ಕೆ ಹೇಳಲು ಇಷ್ಟು ಇರುತ್ತಿರಲಿಲ್ಲ.

ಹಿಕಿ ಎಡಗಡೆಯ ಮುಖದ ಮುಂದೆ ಕುಂಚ ಹಿಡಿದು ನಿಂತಿದ್ದಾನೆ. ಶ್ರೀಮಂತರ ಮುಖ ಬರೆದು ಬದುಕುವವನು ಕಲಿಯುವ ಮೊದಲ ಪಾಠ ಕಲೆ ಮುಚ್ಚುವುದು. ಪ್ಯಾಲೆಟ್ಟಿನ ಮೇಲೆ ಮೈಬಣ್ಣ ಕಲಸಿದ್ದು ಸಿದ್ಧವಿದೆ. ಎರಡೇ ಎರಡು ಎಳೆತದಲ್ಲಿ ಆ ತುಟಿಯ ಸುತ್ತಣ ಮಾಸಲನ್ನು ಅಳಿಸಬಹುದು, ಯಾರೂ ತಪ್ಪೆನ್ನರು, ರಾಣಿಗೂ ಹಿತವಾದೀತು. ಅವನು ನಡುವೆ ನಿಂತ ಅಜ್ಜಿಯತ್ತ ನೋಡುತ್ತಾನೆ. ಎಡಗಡೆಯ ಹುಡುಗಿ ಮುಖ ತಿರುಗಿಸಿಕೊಳ್ಳುವುದಿಲ್ಲ, ಕೈ ಅಡ್ಡ ತರುವುದಿಲ್ಲ. ಅವನು ಮೈಬಣ್ಣಕ್ಕೆ ಇನ್ನಷ್ಟು ಕಪ್ಪು ಬೆರೆಸಿ, ಇದ್ದುದನ್ನು ಇದ್ದಂತೆ ಬಳಿಯುತ್ತಾನೆ.